ಕಲ್ಲುಬೆಂಚಿನ ಐವರು ಕಾಯಂ ಸದಸ್ಯರು

ಜಗತ್ತಿನ ದೇಶಗಳೆಲ್ಲ ಸೇರಿ ಮಾಡಿಕೊಂಡ ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ಮಾತ್ರ ಕಾಯಂ ಕುರ್ಚಿ; ಆ ಐವರಲ್ಲಿ ಒಬ್ಬರು ಬೇಡವೆಂದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಳ್ಳಬೇಕು. ಇದಕ್ಕೆ ವೀಟೊ ಅನ್ನುತ್ತಾರೆ. ರಾಜ್ಯಶಾಸ್ತ್ರದ ಮೇಡಂ ಆಗಿ ನಿವೃತ್ತಳಾಗುವ ತನಕ ಇದನ್ನು ಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಆದರೆ ವೀಟೊವನ್ನು ನಾನು ಕಣ್ಣಾರೆ ಕಂಡದ್ದು ಸರಸ್ವತಿಪುರಂನ ನಮ್ಮ ಪಾರ್ಕಿನಲ್ಲಿ, ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ.

ಆ ಬೆಂಚು ವಾಯುವಿಹಾರ ಸಂಘ ಕಟ್ಟಿದ ಐವರು ಹಿರಿಯರದು. ಅವರಿಗೆ ವಾಯು ಯಥೇಚ್ಛವಾಗಿ ಸಿಗುತ್ತಿತ್ತು, ವಿಹಾರವೊಂದು ಇರಲಿಲ್ಲ. ಗೇಟಿನಿಂದ ಬೆಂಚಿನವರೆಗೆ ನಡೆದು ಕೂತರೆ ಬಿಸಿಲು ಚುರುಗುಟ್ಟುವ ತನಕ ಏಳುವ ಪೈಕಿಯಲ್ಲ. ಅವರ ಮುಖಂಡರಾದ ನಿವೃತ್ತ ತಹಸೀಲ್ದಾರರ ಮನೆ ಪಾರ್ಕಿನ ಎದುರಿಗೇ ಇತ್ತು. ಬೆಳಕು ಹರಿಯುವ ಮೊದಲೇ ಅವರು ಬಂದು ಐವರ ಹೆಸರಿನಲ್ಲಿ ಐದು ಟವೆಲ್ ಹಾಸಿಬಿಡುತ್ತಿದ್ದರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವರು ನಾವು. ಟವೆಲ್ ಬಿದ್ದ ಜಾಗ ಟವೆಲಿನವನದು ಎಂಬುದು ನಮ್ಮ ಕಡೆ ಸಂವಿಧಾನಕ್ಕಿಂತ ಹಳೆಯ ಕಾನೂನು. ಹಾಗಾಗಿ ಯಾರೂ ತಕರಾರು ತೆಗೆದಿರಲಿಲ್ಲ.

ಅಲ್ಲಿ ಕೂತು ಅವರು ದಿನವೂ ಮಾಡುತ್ತಿದ್ದ ಕೆಲಸ ಪ್ರಪಂಚಕ್ಕೆ ನ್ಯಾಯ ಒದಗಿಸುವುದು.

"ಐದೇ ಐದು ದೇಶ ಕೂತ ಜಾಗ ಬಿಡದೆ ಇಡೀ ಲೋಕದ ಮೇಲೆ ದರ್ಬಾರು ಮಾಡ್ತಾವಲ್ರೀ, ಇದ್ಯಾವ ಸೀಮೆ ಪ್ರಜಾಪ್ರಭುತ್ವ ಕಣ್ರೀ?" ಎಂದು ತಹಸೀಲ್ದಾರರು ಬೆಂಚು ಗುದ್ದುತ್ತಿದ್ದರು. ಉಳಿದ ನಾಲ್ವರು ಟವೆಲ್ ಸರಿಪಡಿಸಿಕೊಂಡು ಹೌದೆನ್ನುತ್ತಿದ್ದರು.

ಹೀಗಿರುವಾಗ ನನ್ನ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ದಿನಾ ನಡೆಯಲೇಬೇಕು, ನಡುವೆ ಕೂತು ಸುಧಾರಿಸಿಕೊಳ್ಳಲೇಬೇಕು, ನಡೆಯದಿದ್ದರೆ ಮಂಡಿ ಮಡಚದೇ ಹೋದೀತು ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಪಾರ್ಕಿನ ಸುತ್ತು ಅರ್ಧ ಮುಗಿಯುವ ಹೊತ್ತಿಗೆ ಸರಿಯಾಗಿ ಸಿಗುವುದು ಆ ಬೆಂಚು. ಇನ್ನೊಂದಿತ್ತು, ಆದರೆ ಅದರ ಮೇಲೆ ಕಾಗೆಗಳ ಸಂಸಾರ. ಅಲ್ಲಿ ಕೂತವರು ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕು. ಅಕ್ಕ ಹೊಂಗೆ ಮರಕ್ಕೆ ಒರಗಿ, ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಅವಳ ಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮನೆಯಿಂದ ಕುರ್ಚಿ ತರ್ಲೇನೇ?" ಎಂದೆ.

"ಪಾರ್ಕಲ್ಲಿ ಬೆಂಚಿರೋವಾಗ ಕುರ್ಚಿ ಹೊತ್ಕೊಂಡು ತಿರುಗೋಕೆ ನಾನೇನು ಶಾಮಿಯಾನದೋಳಾ? ಬುಡು, ನಾಳೆಯಿಂದ ನಾನು ಬರಲ್ಲ."

ಅವಳು ಬರಲ್ಲ ಎಂದರೆ ಬರುವುದಿಲ್ಲ. ಬರದಿದ್ದರೆ ಆ ಮಂಡಿಯ ಕತೆ ಮುಗಿಯಿತು. ನೇರ ಬೆಂಚಿನ ಮುಂದೆ ಹೋಗಿ ನಿಂತೆ. ಅಕ್ಕನಿಗೆ ಅಷ್ಟು ಜಾಗ ಮಾಡಿಕೊಡಿ ಎಂದೆ. ನಾಲ್ವರು ಪಾಪ, ತಕ್ಷಣ ಸರಿದರು. ತಹಸೀಲ್ದಾರರು ಕದಲಲಿಲ್ಲ.

"ಸಂಘದಲ್ಲೊಂದು ಪದ್ಧತಿ ಇದೆ ಮೇಡಂ. ಬೆಂಚಿನ ವಿಚಾರದಲ್ಲಿ ಐದೂ ಜನ ಒಪ್ಪಬೇಕು. ನಾನು ಒಪ್ಪಲ್ಲ."

ಸರಿದಿದ್ದ ನಾಲ್ವರು ಮೆಲ್ಲಗೆ ಮೊದಲಿನ ಜಾಗಕ್ಕೆ ವಾಪಸಾದರು.

ಆ ವಾರವೇ ಮಾನವ ಹಕ್ಕುಗಳ ದಿನ. ಸಂಘದವರು ಪಾರ್ಕಿನಲ್ಲಿ ಮೈಕು ಕಟ್ಟಿಸಿ, ಖಾರಾಬಾತಿಗೆ ಹೇಳಿ, ವೀಟೊ ರದ್ದಾಗಬೇಕೆಂಬ ನಿರ್ಣಯವನ್ನು ನೀವೇ ಓದಬೇಕೆಂದು ನನ್ನ ಕೈಗೆ ಕೊಟ್ಟರು. ರೋಗಿ ಬಯಸಿದ್ದೂ ಹಾಲು ಅನ್ನ. ಬರಲ್ಲ ಎಂದಿದ್ದ ಅಕ್ಕನನ್ನು ಖಾರಾಬಾತಿನ ಆಸೆ ತೋರಿಸಿ ಹೊರಡಿಸಿದೆ.

"ಒಬ್ಬರ ಬೇಡವು ಎಲ್ಲರ ಬೇಕನ್ನು ತಡೆಯಕೂಡದು" ಎಂದು ಓದಿದೆ. ತಹಸೀಲ್ದಾರರೇ ಬರೆದ ವಾಕ್ಯ. ಸೇರಿದವರೆಲ್ಲ ಕೈ ಎತ್ತಿದರು. ತಹಸೀಲ್ದಾರರು ಕೂತಲ್ಲಿಂದಲೇ ಎರಡೂ ಕೈ ಎತ್ತಿದ್ದರು.

"ಎಲ್ಲರೂ ಒಪ್ಪಿದ ಹಾಗಾಯ್ತು. ಜಾರಿ ಎಲ್ಲಿಂದ ಶುರು ಮಾಡೋಣ?" ಎಂದು ಕೇಳಿ, ಬೆಂಚಿನ ಕಡೆ ತಿರುಗಿದೆ.

"ಬೆಂಚಿಂದಾನೇ!" ಎಂದು ಹೆಂಗಸರ ಗುಂಪಿನಿಂದ ಕೂಗು ಬಂತು. ನಗು ಪಾರ್ಕಿನ ತುಂಬ ಹರಡಿತು. ನಾಲ್ವರು ಎದ್ದು ನಿಂತರು. ತಹಸೀಲ್ದಾರರು ಮಾತ್ರ ಹಾಗಲಕಾಯಿ ತಿಂದ ಮುಖ ಮಾಡಿಕೊಂಡು ಟವೆಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದರು. ನನಗೆ ಗೆದ್ದ ಖುಷಿ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಅಕ್ಕ ಕುಂಟುತ್ತ ಅವರ ಪಕ್ಕ ಹೋಗಿ ಕೂತಳು. ಈಗ ಜಾಡಿಸುತ್ತಾಳೆ ಅಂದುಕೊಂಡೆ.

"ಯಾಕ್ ಸಾರ್, ನಿಮಗೂ ಮಂಡೀನಾ?" ಎಂದು ಮೆಲ್ಲಗೆ ಕೇಳಿದಳು.

ಅವರು ಸುತ್ತ ನೋಡಿದರು. "ಸೊಂಟ ಕಣಮ್ಮ. ಮುಂಚೆ ದಿನಾ ಸುತ್ತು ಹಾಕ್ತಿದ್ದೆ. ಒಂದಿನ ಹಾಕಿ ಬರೋಷ್ಟರಲ್ಲಿ ಬೆಂಚ್ ಪೂರ್ತಿ ತುಂಬೋಗಿತ್ತು. ಎಲ್ರೆದುರಿಗೆ ಕುಸಿದುಬುಟ್ಟೆ. ಆವತ್ತಿಂದ ಎದ್ರೆ ಮತ್ತೆ ಜಾಗ ಸಿಕ್ಕಲ್ವೇನೋ ಅಂತ ಭಯ."

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಆರಿಸಿದೆ.

"ಅಷ್ಟೇನಾ?" ಎಂದಳು ಅಕ್ಕ. "ಎದ್ದು ಒಂದು ಸುತ್ತು ಬನ್ನಿ. ನಿಮ್ಮ ಟವೆಲ್ ನಾನು ಕಾಯ್ತೀನಿ. ಆಮೇಲೆ ನಾನು ಹೋಗ್ತೀನಿ, ನನ್ನ ಜಾಗ ನೀವು ಕಾಯ್ರಿ."

ತಹಸೀಲ್ದಾರರು ಎದ್ದರು. ಪ್ರತಿ ತಿರುವಿನಲ್ಲೂ ನಿಂತು ಬೆಂಚು ನೋಡುತ್ತ ನಡೆದರು. ಖಾರಾಬಾತಿನ ತಟ್ಟೆ ಹಿಡಿದು ಅಲ್ಲಿ ಕೂರಲು ಬಂದ ಆ ನಾಲ್ವರಲ್ಲೊಬ್ಬರನ್ನು ಅಕ್ಕ, "ರೀ, ಟವೆಲ್ ಕಾಣಲ್ವಾ?" ಎಂದು ಗದರಿ ಓಡಿಸಿದಳು.

ಸುತ್ತು ಮುಗಿಸಿ, ಬೆವೆತು ಬಂದ ತಹಸೀಲ್ದಾರರು ಖಾಲಿ ಟವೆಲನ್ನು ನೋಡಿದರು. ಕೂರಲಿಲ್ಲ.

"ಇನ್ನೊಂದು ಸುತ್ತು ಹಾಕ್ಲಾ? ಇರುತ್ತಲ್ವಾ?"

"ಇರುತ್ತೆ, ಹೋಗ್ಬನ್ನಿ."

ಆ ಸುತ್ತಿನಲ್ಲಿ ಅವರು ತಿರುಗಿ ನೋಡಿದ್ದು ಒಂದೇ ಸಲ.