ತುಕ್ಕಿನ ಗುರುತು ಬಲ್ಲ ಆರ್ಡಿಸ್

ಬೆಳಿಗ್ಗೆ ಆರೂ ಇಪ್ಪತ್ತು. ಟ್ಯಾನರ್ಸ್ ಬೆಂಡ್ ಕಾಲೇಜು ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಆರ್ಡಿಸ್ ಹೌಗೆನ್ ಕಿಟಕಿಯ ಪರದೆಯನ್ನು ಒಂದು ಗೇಣಿನಷ್ಟು ಮಾತ್ರ ಎತ್ತುತ್ತಾರೆ. ಗುಡ್ಡದ ಅಂಚಿನಿಂದ ಬಂದ ಬೆಳಕು ಮೇಜಿನ ಮೇಲೆ ಓರೆಯಾಗಿ ಬೀಳುತ್ತದೆ. ಹಳದಿಗಟ್ಟಿದ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಅವುಗಳ ಮೂಲೆಗೆ ಮುಖ ತಗ್ಗಿಸಿ ನೋಡುತ್ತಾರೆ. ಎರಡರಲ್ಲೂ ಕಂದು ಬಣ್ಣದ ಸಣ್ಣ ಗೆರೆ. ಯಾವತ್ತೋ ಹಾಕಿದ್ದ ಕ್ಲಿಪ್ಪು ತುಕ್ಕು ಹಿಡಿದು ಬಿಟ್ಟುಹೋದ ಗುರುತು.

“ಇಪ್ಪತ್ತೇ ನಿಮಿಷ. ಆಮೇಲೆ ಬಿಸಿಲು ಮೇಲೇರುತ್ತೆ, ಗುರುತೂ ಕಾಣಲ್ಲ, ಕಾಗದಕ್ಕೂ ಒಳ್ಳೇದಲ್ಲ” ಎನ್ನುತ್ತಾರೆ. ಮರುಕ್ಷಣವೇ, ಪಕ್ಕದಲ್ಲಿ ನಿಂತ ನನಗೆ, “ಸ್ವಲ್ಪ ಆ ಕಡೆ ಸರ್ಕೋಮ್ಮಾ, ನಿನ್ನ ನೆರಳು ಬೀಳ್ತಿದೆ.”

ಆರ್ಡಿಸ್‌ಗೆ ಅರವತ್ಮೂರು. ಇಪ್ಪತ್ತೆರಡು ವರ್ಷ ಊರಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ಭುಜ ಕೈಕೊಟ್ಟ ಮೇಲೆ ಇಲ್ಲಿಗೆ ಬಂದರು. ವರ್ಷಕ್ಕೊಮ್ಮೆ ನವೀಕರಿಸುವ ಅರೆಕಾಲಿಕ ಕೆಲಸ. ನವೀಕರಣದ ಕಾಗದ ಬರುವವರೆಗೆ ಪ್ರತಿ ಜೂನ್ ತಿಂಗಳೂ ಕೆಲಸ ಇದೆಯೋ ಇಲ್ಲವೋ ಎಂಬ ಕಳವಳದಲ್ಲೇ ಕಳೆಯುತ್ತದೆ. ನಮ್ಮ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಹತ್ತೊಂಬತ್ತು ವರ್ಷ ಕುಳಿತ ನ್ಯಾಯಮೂರ್ತಿ ವಿನಿಫ್ರೆಡ್ ಟೋಲೆಫ್ಸನ್ ಅವರ ಕಾಗದಪತ್ರಗಳು ಈ ಕೋಣೆಯಲ್ಲಿವೆ. ಒಟ್ಟು ಅರವತ್ತೆರಡು ಪೆಟ್ಟಿಗೆ. ದಿನಕ್ಕೆ ಮುನ್ನೂರು ಹಾಳೆಗಳಿಂದ ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ಬಿಡಿಸಿ, ಮಡಿಕೆ ಸರಿಮಾಡಿ, ಹೊಸ ಲಕೋಟೆಗೆ ಸೇರಿಸುವುದು ಆರ್ಡಿಸ್ ಕೆಲಸ. ತೆಗೆದ ಕ್ಲಿಪ್ಪುಗಳೆಲ್ಲ ಉಪ್ಪಿನಕಾಯಿಯ ಗಾಜಿನ ಜಾಡಿಯೊಂದರಲ್ಲಿವೆ. ಜಾಡಿ ಮುಕ್ಕಾಲು ತುಂಬಿದೆ.

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಆರ್ಡಿಸ್ ಬರುವ ಮೊದಲು ಒಬ್ಬ ಸ್ವಯಂಸೇವಕರು ಬಹಳ ಶ್ರದ್ಧೆಯಿಂದ ಒಂದು ತಪ್ಪು ಮಾಡಿದ್ದರು. ಕ್ಲಿಪ್ಪುಗಳನ್ನು ಕಿತ್ತು, ಎಂಟು ಪೆಟ್ಟಿಗೆಗಳ ಹಾಳೆಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಬಿಟ್ಟಿದ್ದರು. ತಾರೀಖಿಲ್ಲದವು ಬೇರೆ ರಾಶಿಗೆ ಹೋದವು.

“ಅಚ್ಚುಕಟ್ಟು ಮಾಡ್ತೀನಿ ಅಂತ ಹೊರಟು ಎಲ್ಲಾ ಕಲಸಿಟ್ರು, ಪಾಪ. ಜಡ್ಜಮ್ಮ ಯಾವುದರ ಜೊತೆ ಯಾವುದನ್ನ ಇಟ್ಟಿದ್ರೋ ಅದೇ ನಮಗೆ ಮುಖ್ಯ. ತೀರ್ಪಿನ ಜೊತೆ ದಿನಸಿ ಚೀಟಿ ಇಟ್ಟಿದ್ರೆ ದಿನಸಿ ಚೀಟೀನೂ ಅಲ್ಲೇ ಇರ್ಬೇಕು.”

ಆ ಎಂಟು ಪೆಟ್ಟಿಗೆಗಳನ್ನು ಮತ್ತೆ ಹಳೆಯ ಕ್ರಮಕ್ಕೆ ತರಲು ಆರ್ಡಿಸ್ ಹಿಡಿದ ದಾರಿಯೇ ತುಕ್ಕು. ಒಂದೇ ಕ್ಲಿಪ್ಪಿನಡಿ ವರ್ಷಗಟ್ಟಲೆ ಇದ್ದ ಹಾಳೆಗಳಲ್ಲಿ ಒಂದೇ ಆಕಾರದ ಕಲೆ, ಒಂದೇ ಜಾಗದಲ್ಲಿ ತಗ್ಗು. ಹೀಗೆ ಹೊಂದಿಸುತ್ತಿದ್ದಾಗಲೇ, ತಾರೀಖಿಲ್ಲದ ರಾಶಿಯಲ್ಲಿದ್ದ ಒಂದು ಚೀಟಿ ಅವರ ಕೈಗೆ ಬಂತು. ಅದರ ಜೋಡಿ ಹುಡುಕಲು ಹತ್ತೊಂಬತ್ತು ಬೆಳಗು ಬೇಕಾಯಿತು. ಜೋಡಿ ಸಿಕ್ಕಿದ್ದು ತಾಮ್ರದ ಕುಲುಮೆ ಕಾರ್ಮಿಕರ ಮೊಕದ್ದಮೆಯ ತೀರ್ಪಿನ ಕರಡಿನಲ್ಲಿ, ಹದಿನಾಲ್ಕನೇ ಪುಟದಲ್ಲಿ.

ಆ ಮೊಕದ್ದಮೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಹೊಗೆಯಿಂದ ಶ್ವಾಸಕೋಶ ಕಳೆದುಕೊಂಡ ನಲವತ್ತೊಂದು ಜನ ಪರಿಹಾರ ಕೇಳಿದ್ದರು. ಗಡುವು ದಾಟಿ ಬಂದಿದ್ದಾರೆ ಎಂಬ ಕಾರಣಕ್ಕೆ ನ್ಯಾಯಾಲಯ ಮೂರರ ವಿರುದ್ಧ ನಾಲ್ಕು ಮತಗಳಿಂದ ಅರ್ಜಿ ವಜಾ ಮಾಡಿತು. ನಾಲ್ಕನೆಯ ಮತವೂ ತೀರ್ಪಿನ ಬರಹವೂ ಟೋಲೆಫ್ಸನ್ ಅವರದು. ಚೀಟಿಯನ್ನು ಯಾರು ಬೇಕಾದರೂ ಕೇಳಿ ಓದಬಹುದು. ನಾನೂ ಕೇಳಿ ಓದಿದೆ. ನ್ಯಾಯಮೂರ್ತಿಗಳ ಕೈಬರಹದಲ್ಲಿ ಮೂರೇ ಸಾಲು: ‘ದಿನ ಲೆಕ್ಕ ಹಾಕಿದೆ. ಅವರು ಕೆಮ್ಮುತ್ತಿದ್ದುದು ನನಗೆ ಕೇಳಿಸಿತ್ತು. ತಪ್ಪು ನನ್ನದು.’

ಅತ್ತೆಯ ಹೆಸರಿನಲ್ಲಿ ಹೊಸ ಓದುಮನೆ ಕಟ್ಟಿಸಿಕೊಡಲು ಮುಂದೆ ಬಂದಿದ್ದವರು ನ್ಯಾಯಮೂರ್ತಿಗಳ ಅಣ್ಣನ ಮಗ ರಾಡ್ರಿಕ್ ಟೋಲೆಫ್ಸನ್. ಈ ಚೀಟಿ ಅವರಿಗೆ ಬೇಡವಾಗಿತ್ತು. ದಾನಪತ್ರದ ಪ್ರಕಾರ ಖಾಸಗಿ ಬರಹಗಳು ಮನೆಯವರಿಗೆ, ನ್ಯಾಯಾಲಯದ ಕಾಗದಗಳು ಕಾಲೇಜಿಗೆ. ಇದು ಕಾಯಿಲೆಯ ದಿನಗಳಲ್ಲಿ ಗೀಚಿದ ಡೈರಿ ಚೂರು, ವಾಪಸ್ ಕೊಡಿ ಎಂದು ಅವರು ಕಾಲೇಜಿನ ಸಮಿತಿಗೆ ಬರೆದರು. ಮಾರ್ಚ್ ತಿಂಗಳ ಸಭೆಯಲ್ಲಿ ನಡೆದ ಮಾತನ್ನು ಅಲ್ಲಿದ್ದ ಮೂವರಿಂದ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿದ್ದೇನೆ.

“ನಮ್ಮತ್ತೆ ವಿಷಯ ನನಗಿಂತ ನಿಮಗೇ ಜಾಸ್ತಿ ಗೊತ್ತಾ ಮೇಡಂ?” ಎಂದರು ರಾಡ್ರಿಕ್, ಆರ್ಡಿಸ್ ಕಡೆ ತಿರುಗಿ.

“ನಿಮ್ಮತ್ತೆ ವಿಷಯ ನನಗೇನೂ ಗೊತ್ತಿಲ್ಲ ಸಾರ್. ಅವರ ಕ್ಲಿಪ್ಪಿನ ವಿಷಯ ಗೊತ್ತು. ಇದನ್ನ ತೀರ್ಪಿಗೆ ಸಿಕ್ಕಿಸಿಟ್ಟಿದ್ದು ಅವರೇ. ಡೈರಿಗಲ್ಲ.”

“ತುಕ್ಕು ನೋಡಿ ಕಾನೂನು ಹೇಳ್ತೀರಾ?”

“ತುಕ್ಕು ಯಾರ ಮುಲಾಜಿಗೂ ಬೀಳಲ್ಲ, ಅದಕ್ಕೇ.”

ಸಮಿತಿ ಮಾತ್ರ ಮುಲಾಜಿಗೆ ಬಿತ್ತು. ಚೀಟಿ ಕೊಡುವುದೆಂದು ತೀರ್ಮಾನವಾಯಿತು. ಗ್ರಂಥಾಲಯದ ಮುಖ್ಯಸ್ಥೆ ಲೊರೇನ್ ಪಿಸುದನಿಯಲ್ಲಿ, “ಒಂದು ಚೀಟಿ ತಾನೆ, ಬಿಟ್ಬಿಡು ಆರ್ಡಿಸ್. ಜೂನ್ ಹತ್ರ ಬರ್ತಿದೆ” ಎಂದರಂತೆ. ಅದು ಕಾಳಜಿಯೋ ಎಚ್ಚರಿಕೆಯೋ ಎಂದು ಲೊರೇನ್ ಅವರನ್ನೇ ಕೇಳಿದೆ. ಅವರು ಗಡಿಯಾರ ನೋಡಿ, ಬೇರೆ ಕೆಲಸವಿದೆ ಎಂದು ಎದ್ದರು.

ಆರ್ಡಿಸ್ ವಾದ ಮಾಡಲಿಲ್ಲ. ಒಳಗೆ ಹೋಗಿ ಒಂದು ಗುಲಾಬಿ ಹಾಳೆ ತಂದರು. ಪೆಟ್ಟಿಗೆಯಿಂದ ಯಾವ ಕಾಗದ ಹೊರಗೆ ಹೋದರೂ ಅದರ ಜಾಗದಲ್ಲಿ ಗುಲಾಬಿ ಹಾಳೆ ಇಡಬೇಕೆಂಬುದು ಈ ಕೆಲಸದ ಹಳೆಯ ನಿಯಮ. ಹೋದದ್ದು ಏನು, ಕೊಂಡೊಯ್ದವರು ಯಾರು, ಯಾಕೆ ಎಂಬುದೆಲ್ಲ ಅದರಲ್ಲಿರಬೇಕು; ಕೊಂಡೊಯ್ಯುವವರು ಸಹಿ ಮಾಡಬೇಕು. ಆರ್ಡಿಸ್ ಆಗಲೇ ತುಂಬಿದ್ದರು: ‘ನ್ಯಾಯಮೂರ್ತಿಗಳ ಕೈಬರಹದ ಒಂದು ಚೀಟಿ, ಮೂರು ಸಾಲು. ತೀರ್ಪಿನ ಹದಿನಾಲ್ಕನೇ ಪುಟಕ್ಕೆ ಸಿಕ್ಕಿಸಿದ್ದು. ಕೊಂಡೊಯ್ದವರು: ರಾಡ್ರಿಕ್ ಟೋಲೆಫ್ಸನ್. ಕಾರಣ:’ ಕಾರಣದ ಮುಂದೆ ಜಾಗ ಖಾಲಿ ಇತ್ತು.

“ಅದನ್ನ ನೀವೇ ಬರೀಬೇಕು ಸಾರ್. ನಿಮ್ಮ ಕಾರಣ ನನಗೆ ಗೊತ್ತಿಲ್ಲ.”

“ಇದು ಎಷ್ಟು ದಿನ ಇಲ್ಲಿರುತ್ತೆ?”

“ಕಟ್ಟಡ ಇರೋವರೆಗೂ.”

ರಾಡ್ರಿಕ್ ಹಾಳೆಯನ್ನು ಎರಡು ಸಲ ಓದಿದರು. ಅತ್ತೆಯ ಮೂರು ಸಾಲನ್ನು ಒಬ್ಬ ಓದುಗ ಮರೆಯಬಹುದು. ಅದನ್ನು ಹೊತ್ತೊಯ್ದವನ ಹೆಸರು ಮಾತ್ರ ಪೆಟ್ಟಿಗೆ ತೆರೆದವರಿಗೆಲ್ಲ ಕಾಣುತ್ತದೆ. ಯೋಚನೆ ಮಾಡಿ ಹೇಳ್ತೀನಿ ಎಂದು ಕೋಟು ಎತ್ತಿಕೊಂಡು ಹೊರಟರು. ಹನ್ನೊಂದು ವಾರ ಕಳೆದಿದೆ. ಓದುಮನೆಯ ಮಾತು ನಿಂತಿದೆ. ಚೀಟಿ ಹದಿನಾಲ್ಕನೇ ಪುಟದ ಮೇಲೇ ಇದೆ. ಆರ್ಡಿಸ್ ಕೆಲಸದ ನವೀಕರಣದ ಕಾಗದ ಈ ಸಲ ಇನ್ನೂ ಬಂದಿಲ್ಲ.

ಕುಲುಮೆಯ ಊರಿನವರೇನಾದರೂ ನಿಮ್ಮ ಬಂಧುಗಳೇ ಎಂದು ಹಿಂಜರಿಯುತ್ತಲೇ ಕೇಳುತ್ತೇನೆ. ಆರ್ಡಿಸ್ ಜೋರಾಗಿ ನಗುತ್ತಾರೆ. “ಎಲ್ಲರೂ ಇದನ್ನೇ ಕೇಳ್ತಾರೆ. ನಮ್ಮಪ್ಪ ರೈಲ್ವೆ. ಅಲ್ಲಿ ನಮ್ಮೋರು ಒಬ್ರೂ ಇಲ್ಲ. ಇದ್ರೆ ಮಾತ್ರ ಸರಿ ಕೆಲಸ ಮಾಡ್ಬೇಕಾ?”

ಬಿಸಿಲು ಏರಿದೆ. ಪರದೆ ಇಳಿಸಿ, ಮೇಜಿನ ಡ್ರಾಯರ್ ಎಳೆದು ತೋರಿಸುತ್ತಾರೆ. ಸಹಿಯಿಲ್ಲದ ಗುಲಾಬಿ ಹಾಳೆ ಅಲ್ಲಿದೆ. ಹಳೆಯ ಕಾಗದಕ್ಕೆ ಕಲೆಯಾದೀತೆಂದು ಈ ಕೋಣೆಯೊಳಗೆ ಶಾಯಿ ತರುವಂತಿಲ್ಲ. ಹಾಳೆಯ ಪಕ್ಕದಲ್ಲಿ ಒಂದು ಪೆನ್ಸಿಲ್ ಇದೆ.

“ಪ್ರತಿ ಸೋಮವಾರ ಚೂಪು ಮಾಡಿಡ್ತೀನಿ” ಎನ್ನುತ್ತಾರೆ ಆರ್ಡಿಸ್. “ಸಹಿ ಮಾಡೋಕೆ ಅವರು ಯಾವಾಗ ಬೇಕಾದ್ರೂ ಬರ್ಲಿ. ನಾನಿಲ್ದಿದ್ರೂ ಪೆನ್ಸಿಲ್ ಇರುತ್ತೆ.”