ಒಗ್ಗರಣೆ ಎಣ್ಣೆಗೆ ಎದ್ದ ಕೈ

ಮಾವಾ, ನಿಮ್ಮ ಬಲಗೈ ಎರಡು ಸಲ ಸತ್ತಿತು. ಮೊದಲ ಸಲ ಲಕ್ವ ಹೊಡೆದು. ಎರಡನೆಯ ಸಲ ಅದನ್ನು ಕೊಂದವಳು ನಿಮ್ಮ ಸೊಸೆ — ನಾನು. ನೀವು ಹೋಗಿ ಎಷ್ಟೋ ವರ್ಷಗಳಾದವು, ಆದರೂ ಇದನ್ನು ನಿಮಗೇ ಹೇಳಬೇಕು.

ನನ್ನ ಸಿಟ್ಟು ಎಲ್ಲಿ ಶುರುವಾಯಿತೆಂದು ನಿಮಗೆ ನೆನಪಿರಲಿಕ್ಕಿಲ್ಲ. ಎಪ್ಪತ್ತರ ದಶಕದ ಆರಂಭ, ಶೇಂಗಾ ಕೀಳುವ ಕಾಲ. ಅವ್ವ ಕೊನೆಯುಸಿರು ಎಳೆಯುತ್ತಿದ್ದಾಳೆಂದು ತವರು ತುರುವನೂರಿನಿಂದ ನಮ್ಮಣ್ಣ ಹಿರೇಗುಂಟನೂರಿಗೆ ಓಡಿ ಬಂದಿದ್ದ. ನೀವು ಕಟ್ಟೆಯಿಂದ ಏಳಲೂ ಇಲ್ಲ.

"ಈಗೊಂದ್ಸಲ, ಸತ್ತಾಗೊಂದ್ಸಲ ಯಾಕಪ್ಪ? ಸತ್ತ ಮೇಲೆ ಒಂದೇ ಸಲ ಬರ್ತಾಳೆ ಬಿಡು. ಹೊಲ್ದಾಗೆ ಕೆಲ್ಸ ಐತೆ."

ಆಹಾ, ಎಂಥ ಮಾತು! ಅವ್ವ ನನ್ನ ಹೆಸರು ಹಿಡಿದು ಕೂಗುತ್ತಲೇ ಹೋದಳಂತೆ. ನಾನು ಶೇಂಗಾ ಕೀಳುತ್ತಿದ್ದೆ.

ಬೇಸಿಗೆಯಲ್ಲಿ ನಿಮಗೆ ಲಕ್ವ ಹೊಡೆದಾಗ — ಸುಳ್ಳೇಕೆ ಹೇಳಲಿ — ಹೊಟ್ಟೆ ತಣ್ಣಗಾಯಿತು. ಮಾತು ಬೇಗ ಮರಳಿತು, ಕೈ ಮಾತ್ರ ಏಳಲಿಲ್ಲ. ನಿಮ್ಮ ಮಗ ಹರಿಯಬ್ಬೆ ಊರಿನ ಪಂಡಿತರಿಂದ ಲಕ್ವದ ಎಣ್ಣೆ ತಂದರು. ನಾನು ಅದನ್ನು ಹಿತ್ತಲಿಗೆ ಸುರಿದು, ಸೀಸೆಗೆ ಅಡುಗೆಯ ಶೇಂಗಾ ಎಣ್ಣೆ ತುಂಬಿ, ವಾಸನೆಗೆಂದು ಕರ್ಪೂರ ಪುಡಿ ಮಾಡಿ ಹಾಕಿದೆ. ಬಿದ್ದಿರಲಿ ಮುದುಕ, ಅಂದುಕೊಂಡೆ.

ಆಗಿದ್ದೇ ಬೇರೆ. "ಎಣ್ಣೆ ನರಕ್ಕೆ ಇಳೀತೈತೆ ಕಣ್ಲೇ, ಇನ್ನಷ್ಟು ತಿಕ್ಕು" ಎನ್ನುತ್ತಾ ನೀವು ದಿನವೂ ಬೆರಳು ಮಡಿಸಲು ಹೆಣಗಿದಿರಿ. ಬೆರಳು ಮಡಚಿತು! ಒಂದು ದಿನ ನೀವೇ ಮುದ್ದೆ ಮುರಿದು ಸಾರಿಗೆ ಅದ್ದಿದಿರಿ. ನನ್ನ ಮೈಯೆಲ್ಲ ಉರಿದುಹೋಯಿತು. ದುರ್ಗದ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನಿಗೆ ಗುಟ್ಟು ಹೇಳಿ, ಇದು ಹೇಗೆ ಎಂದು ಕೇಳಿದೆ.

"ಎಣ್ಣೆ ಯಾವುದಾದ್ರೇನಮ್ಮ? ಕೈ ಏಳುತ್ತೆ ಅಂತ ನಂಬಿ ಆಡಿಸ್ತಾರಲ್ಲ, ಮಿದುಳು ಮತ್ತೆ ಕಲೀತಿದೆ. ಆ ನಂಬಿಕೆ ಕೆಡಿಸಬೇಡ" ಎಂದರು.

ಅವರು ಹೇಳಿದ್ದು ಎಚ್ಚರಿಕೆ. ನನಗೆ ತಿಳಿದದ್ದು, ಎಲ್ಲಿ ಹೊಡೆಯಬೇಕೆಂದು.

ಅವ್ವನಿಗೆ ವರ್ಷದ ಎಡೆ ಇಡುವ ದಿನ ತವರಿಗೆ ಹೊರಟಿದ್ದೆ. ನೀವು ಮತ್ತೆ ತಡೆದಿರಿ. "ಎಣ್ಣೆ ತಿಕ್ಕೋರ್ಯಾರು ಲೇ? ಸತ್ತೋಳಿಗೆ ಏನವಸರ?"

ಸೀಸೆಯನ್ನು ನಿಮ್ಮ ಮೂಗಿಗೆ ಹಿಡಿದೆ. "ಇದು ಒಗ್ಗರಣೆ ಎಣ್ಣೆ ಮಾವಾ. ಪಂಡಿತರದ್ದು ಅವತ್ತೇ ಹಿತ್ತಲಾಗೆ ಚೆಲ್ಲೀನಿ. ನಿಮ್ಮ ಕೈಗೆ ಯಾವ ಔಷಧಾನೂ ಬಿದ್ದಿಲ್ಲ."

ಎತ್ತಿದ್ದ ಕೈ ಮಡಿಲಿಗೆ ಬಿತ್ತು. ಮರುದಿನ ಬೆರಳು ನಡುಗಿತು, ಮಡಚಲಿಲ್ಲ. ಆಮೇಲೆ ನೀವು ಪ್ರಯತ್ನವನ್ನೇ ಬಿಟ್ಟಿರಿ. ಒಂದು ಮಧ್ಯಾಹ್ನ ತುತ್ತಿಡುತ್ತಿದ್ದೆ. ಎಂದೂ ಲೇ ಎನ್ನದೆ ಕರೆಯದ ನೀವು ನನ್ನ ಸೆರಗು ಹಿಡಿದಿರಿ, ಎಡಗೈಯಿಂದ.

"ತಾಯೀ, ಸಿಟ್ಟಿಗೆ ಹಂಗಂದೆ ಅನ್ನವ್ವ. ಅದು ಪಂಡಿತರ ಎಣ್ಣೇನೇ ಅನ್ನು."

ಅನ್ನಬಹುದಿತ್ತು. ಅಷ್ಟು ದಿನ ಸಲೀಸಾಗಿ ನಡೆಸಿದ್ದ ಸುಳ್ಳು — ಇನ್ನೊಮ್ಮೆ ಆಡಿದ್ದರೆ ಆ ಕೈ ಮತ್ತೆ... ನಾನು ಮುಂದಿನ ತುತ್ತು ನಿಮ್ಮ ಬಾಯಿಗಿಟ್ಟೆ. ನೀವು ಅಳುತ್ತಲೇ ನುಂಗಿದಿರಿ. ಸಾಯುವವರೆಗೂ ಹಾಗೆಯೇ ಉಣಿಸಿದೆ. ಬಂಗಾರದಂಥ ಸೊಸೆ ಎಂದು ಊರು ಹೊಗಳಿತು.

ಅವ್ವನ ವಿಷಯಕ್ಕೆ ನಿಮ್ಮನ್ನು ಇವತ್ತಿಗೂ ಕ್ಷಮಿಸಿಲ್ಲ. ನೀವೂ ನನ್ನನ್ನು ಕ್ಷಮಿಸಬೇಡಿ ಮಾವಾ.