ತಾಯಿಹಲಗೆಯ ಕೆಳಗಿನ ಅರ್ಧ ಇಂಚು

ಅಳತೆಯಕ್ಕ ಅಂತ ಅವಳಿಗೆ ಹೆಸರಿಟ್ಟಿದ್ದು ಮಕ್ಕಳು. ಆಮೇಲೆ ಕಚೇರಿಯವರೂ ಹಾಗೇ ಕರೆದರು, ಕೊನೆಗೆ ಕಟ್ಟಿಕೊಂಡ ಗಂಡನೂ ಕರೆದ. ಇಪ್ಪತ್ತಾರು ವರ್ಷದಿಂದ ಅವಳು ಮಾಡಿಕೊಂಡು ಬಂದಿದ್ದು ಒಂದೇ ಕೆಲಸ: ಐದು ವರ್ಷದೊಳಗಿನ ಮಕ್ಕಳ ಎತ್ತರ ಅಳೆಯುವುದು. ಇದೇನು ಮಹಾ ಅಂತ ಮೂಗು ಮುರಿಯುವವರು ಒಂದು ಸಲ, ಒಂದೇ ಒಂದು ಸಲ, ಮೂರು ವರ್ಷದ ಕೂಸನ್ನು ಅಳತೆಹಲಗೆಗೆ ಬೆನ್ನು ಕೊಟ್ಟು ನಿಲ್ಲಿಸಿ ನೋಡಲಿ. ಹಿಮ್ಮಡಿ ತಾಗಿತು ಅನ್ನುವಷ್ಟರಲ್ಲಿ ಮಂಡಿ ಬಗ್ಗುತ್ತದೆ, ಮಂಡಿ ಹಿಡಿದರೆ ಕತ್ತು ಮೇಲೇಳುತ್ತದೆ, ಕತ್ತು ಸರಿ ಮಾಡಿದರೆ ಮೂಗು ಸೋರುತ್ತದೆ. ಅಮ್ಮ ಕಟ್ಟಿದ ಜುಟ್ಟು ಬಿಚ್ಚಬೇಕು, ಬಿಚ್ಚಿದರೆ ಅಮ್ಮನಿಗೆ ಸಿಟ್ಟು. ಇಷ್ಟೆಲ್ಲದರ ನಡುವೆ ಹಲಗೆಯ ಮೇಲೆ ಜಾರುವ ತಲೆಪಟ್ಟಿಯನ್ನು ನೆತ್ತಿಗೆ ಇಳಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಮಿಲಿಮೀಟರ್ ಸಮೇತ ಗಟ್ಟಿಯಾಗಿ ಕೂಗಬೇಕು. ಅಳತೆಯಕ್ಕನಿಗೆ ಅದು ಕಣ್ಣು ಮಿಟುಕಿಸಿದಷ್ಟು ಸಲೀಸು.

ಈ ಕೆಲಸ ಸಿಕ್ಕಿದ್ದೇ ಅವಳು ಕುಳ್ಳಿ ಅಂತ. ಸಂದರ್ಶನಕ್ಕೆ ಬಂದವರಲ್ಲಿ ಎಲ್ಲರಿಗಿಂತ ಗಿಡ್ಡ ಅವಳೇ. "ಈ ಹುಡುಗಿ ಹತ್ರ ಬಂದರೆ ಮಕ್ಕಳು ಹೆದರಲ್ಲ, ಇವಳೇ ಇರಲಿ" ಅಂದರಂತೆ ಆಗಿನ ಸಾಹೇಬರು. ಅವಳೂ ನಗುನಗುತ್ತಾ ಸೇರಿಕೊಂಡಳು. ತರಬೇತಿಯ ಮೂರನೇ ದಿನ ಆ ನಗು ನಿಂತಿತು. ಹುಟ್ಟಿದ ಮೊದಲ ಎರಡು ವರ್ಷ ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ, ಕೆಟ್ಟ ನೀರು ಕುಡಿದು ಮತ್ತೆ ಮತ್ತೆ ಭೇದಿಯಾದರೆ, ಆಗ ಕಳೆದುಕೊಂಡ ಎತ್ತರ ಆಮೇಲೆ ಎಷ್ಟು ತಿಂದರೂ ಪೂರ್ತಿ ತಿರುಗಿ ಬರುವುದಿಲ್ಲ ಅಂತ ಪಾಠ ಮಾಡಲು ಬಂದಿದ್ದ ವೈದ್ಯೆ ಹೇಳಿದರು. ಅವಳು ಹುಟ್ಟಿದ ವರ್ಷ ಮನೆಯಲ್ಲಿ ಒಲೆ ಒಂದು ಹೊತ್ತು ಉರಿದರೆ ಹೆಚ್ಚು. ಹಿಂದಿನ ಬೆಂಚಿನಲ್ಲಿ ಕೂತು, ನೆಲಕ್ಕೆ ತಾಗದೆ ತೂಗಾಡುತ್ತಿದ್ದ ತನ್ನ ಕಾಲುಗಳನ್ನೇ ನೋಡಿಕೊಂಡಳು. ಅಂದಿನಿಂದ ಒಂದೇ ಒಂದು ಮಗುವಿನ ಅಳತೆಯನ್ನೂ ಅವಳು ಅಂದಾಜಿನಲ್ಲಿ ಬರೆಸಲಿಲ್ಲ.

ಕಚೇರಿಯ ದಾಸ್ತಾನು ಕೋಣೆಯಲ್ಲಿ ಒಂದು ಹಲಗೆ ಇದೆ. ಅದನ್ನು ತಾಯಿಹಲಗೆ ಅನ್ನುತ್ತಾರೆ. ದೇಶದ ಬೇರೆ ಬೇರೆ ಮೂಲೆಗಳಲ್ಲಿ ಓಡಾಡುವ ನಲವತ್ತು ಅಳತೆಹಲಗೆಗಳನ್ನು ವರ್ಷಕ್ಕೊಮ್ಮೆ ತಂದು, ಇದರ ಪಕ್ಕ ನಿಲ್ಲಿಸಿ, ತಳದಿಂದ ಮೇಲಕ್ಕೆ ಗೆರೆಗೆ ಗೆರೆ ಕೂಡುತ್ತದೆಯೇ ನೋಡಿ, ಕೂಡದಿದ್ದರೆ ಅಳತೆಪಟ್ಟಿ ಕಿತ್ತು ಮತ್ತೆ ಹೊಡೆಯುತ್ತಾರೆ. ಮೊದಲು ಇದನ್ನೂ ಪರೀಕ್ಷಿಸಲು ಒಂದು ಉಕ್ಕಿನ ಕೋಲಿತ್ತು. ಹತ್ತು ವರ್ಷದ ಹಿಂದೆ ಕಚೇರಿ ಹೊಸ ಕಟ್ಟಡಕ್ಕೆ ಬಂದಾಗ ಅದು ಯಾವ ಪೆಟ್ಟಿಗೆಯ ಪಾಲಾಯಿತೋ ಆ ದೇವರಿಗೇ ಗೊತ್ತು. ಅಲ್ಲಿಂದ ಮುಂದೆ ತಾಯಿಹಲಗೆ ಹೇಳಿದ್ದೇ ಅಳತೆ, ಅದನ್ನು ಕಾಯುವವಳು ಅಳತೆಯಕ್ಕ.

ಗಂಡ ಬಡಗಿ. ಕೆಲಸದಲ್ಲಿ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. "ನೀನು ಅಳೆದಿದ್ದು ಅಲ್ಲಾಡತ್ತೆ ಅಳತೆಯಕ್ಕ, ನಾನು ಅಳೆದಿದ್ದು ಅಲ್ಲಾಡಲ್ಲ" ಅಂತ ಹೆಂಡತಿಯನ್ನು ಕಾಡಿಸುತ್ತಿದ್ದ. ಊರ ಶಾಲೆಯ ಬೆಂಚು, ಮೇಜು ಎಲ್ಲ ಅವನದೇ. ಅಪ್ಪ ಬಿಟ್ಟುಹೋದ ಒಂದು ಮರದ ಪಟ್ಟಿ ಅವನ ಬಳಿಯಿತ್ತು, ಅದರ ಮೇಲೆ ಕೂರುವ ಎತ್ತರಕ್ಕೊಂದು ಗೆರೆ, ಮೇಜಿನ ಎತ್ತರಕ್ಕೊಂದು ಗೆರೆ. ಮೂವತ್ತು ವರ್ಷ ಆ ಪಟ್ಟಿ ಇಟ್ಟು ಕೊಯ್ದ. ಆದರೆ ಈ ವರ್ಷ ಶಾಲೆಯ ದೊಡ್ಡ ಮೇಡಂ ಹೊಸ ಮೇಜುಗಳಲ್ಲಿ ಹನ್ನೊಂದನ್ನು ಗಾಡಿ ಮೇಲೆ ವಾಪಸ್ ಕಳಿಸಿಬಿಟ್ಟರು. ಮಕ್ಕಳ ಮಂಡಿ ಮೇಜಿಗೆ ಬಡಿಯುತ್ತದೆಯಂತೆ. ಬಡಗಿ ಮೊದಲು ಎಗರಾಡಿದ, ಆಮೇಲೆ ಮಂಕಾದ. "ಕೈ ಕೆಡ್ತಾ ಇದೆ ಕಣೇ, ವಯಸ್ಸಾಯ್ತು" ಅಂದ. ಹನ್ನೊಂದು ಮೇಜು ಅಂಗಳದಲ್ಲಿ ಒಂದರ ಮೇಲೊಂದು ಹಾಗೇ ಬಿದ್ದಿದ್ದವು.

ಇಂಥ ದಿನಗಳಲ್ಲೇ ಆ ಪುಸ್ತಕ ಬಂತು. ಹಸಿವು ಇರಬಾರದು, ಎಲ್ಲರಿಗೂ ಒಳ್ಳೇ ನೀರು ಸಿಗಬೇಕು, ಹೆಣ್ಣುಮಕ್ಕಳು ಓದಬೇಕು ಅಂತ ಜಗತ್ತಿನ ದೇಶಗಳೆಲ್ಲ ಕೂತು ಒಪ್ಪಿಕೊಂಡ ಗುರಿಗಳಿವೆಯಲ್ಲ, ಆ ದಾರಿಯಲ್ಲಿ ಇವರ ದೇಶ ಎಷ್ಟು ನಡೆದಿದೆ, ಗಡಿಯಾಚೆಯ ದೇಶ ಎಷ್ಟು ನಡೆದಿದೆ ಅಂತ ಹೋಲಿಸುವ ಪುಸ್ತಕ ಅದು. ಪುಟಕ್ಕೊಂದು ಗುರಿ, ಗುರಿಗೆ ಎರಡು ಸಾಲು. ಮೇಲಿನ ಸಾಲು ಯಾವಾಗಲೂ ಆಚೆಯವರದು. ಇವರದು ಕೆಳಗೆ. ಸಾಹೇಬರು ವರ್ಷಾ ವರ್ಷಾ ಅದನ್ನು ನೋಡಿ ಮುಖ ಗಂಟಿಕ್ಕಿಕೊಳ್ಳುವುದು ಕಚೇರಿಗೇ ಅಭ್ಯಾಸವಾಗಿತ್ತು. ಈ ಸಲ ಮಕ್ಕಳ ಎತ್ತರದ ಪುಟದಲ್ಲಿ ಸಾಲು ಅದಲುಬದಲಾಗಿತ್ತು! ಎಂಟು ವರ್ಷದ ಹಿಂದೆ ಇವರಲ್ಲಿ ನೂರಕ್ಕೆ ನಲವತ್ತೊಂದು ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಈಗ ಅಂಥವು ಇಪ್ಪತ್ತಮೂರೇ. ಆಚೆ ಇಪ್ಪತ್ತೇಳು. ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು, ಕಚೇರಿಯಲ್ಲಿ ಎಲ್ಲರಿಗೂ ಟೀ ಬಂತು.

ಟೀ ಆರುವ ಮೊದಲೇ ಪುಸ್ತಕದ ಜೊತೆ ಬಂದಿದ್ದ ಕಾಗದ ಓದಿದರು. ಇಷ್ಟು ಬೇಗ ಇಷ್ಟು ಸುಧಾರಣೆ ನಂಬಲು ಕಷ್ಟ, ಪರೀಕ್ಷಿಸಬೇಕು. ಅಳತೆಯ ಸಾಧನ ತಪ್ಪಾಗಿದ್ದರೆ ಈ ಸಂಖ್ಯೆಯನ್ನು ತೆಗೆದುಹಾಕಲಾಗುವುದು. ಆಚೆ ದೇಶದ ಹಿರಿಯ ಅಳತೆಗಾರ್ತಿ ಬಂದು ನೋಡುತ್ತಾರೆ, ಅಲ್ಲಿಯವರೆಗೆ ತಾಯಿಹಲಗೆಯನ್ನು ಯಾರೂ ಮುಟ್ಟಕೂಡದು. ಸಾಹೇಬರು ದಾಸ್ತಾನು ಕೋಣೆಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದರು. ಅಳತೆಯಕ್ಕ ಆ ಬಾಗಿಲನ್ನು ನೋಡುತ್ತಾ ನಿಂತಿದ್ದಳು. ಎಂಟು ವರ್ಷ ಅನ್ನುವ ಮಾತು ಕಿವಿಯಲ್ಲೇ ಉಳಿದಿತ್ತು.

ಎಂಟು ವರ್ಷದ ಹಿಂದೆ ತಾಯಿಹಲಗೆಯ ತಳಕ್ಕೆ ಗೆದ್ದಲು ಹಿಡಿದಿತ್ತು. ಮೇಲಿನವರಿಗೆ ಬರೆದು ಕಾದರೆ ಆರು ತಿಂಗಳು. ಅವಳೇ ಅದನ್ನು ಹೊತ್ತು ಮನೆಗೆ ತಂದಿದ್ದಳು, ಗಂಡ ಒಂದು ಮಧ್ಯಾಹ್ನದಲ್ಲಿ ಹಳೇ ತಳ ಕಿತ್ತು ಹೊಸ ಮರ ಹಾಕಿಕೊಟ್ಟಿದ್ದ. ಹೊಸದು ಹಳೆಯದಕ್ಕಿಂತ ದಪ್ಪ, ಅರ್ಧ ಇಂಚಾದರೂ ಹೆಚ್ಚು. ಅಳತೆಪಟ್ಟಿ ಇರುವ, ಮಗು ಬೆನ್ನು ಕೊಡುವ ಹಿಂದಿನ ಹಲಗೆ ನೆಲದ ತನಕ ಇಳಿದಿರುತ್ತದೆ, ಮಗು ನಿಲ್ಲುವುದು ತಳದ ಮೇಲೆ. ತಳ ಅರ್ಧ ಇಂಚು ದಪ್ಪವಾದರೆ ಮಗು ಅರ್ಧ ಇಂಚು ಎತ್ತರ. ನಲವತ್ತು ಹಲಗೆಗಳೂ ಇದನ್ನೇ ನೋಡಿ ಸರಿಮಾಡಿಕೊಂಡಂಥವು. ಹಾಗಾದರೆ ಬೆಳೆದಿದ್ದು ದೇಶದ ಮಕ್ಕಳಲ್ಲ, ತನ್ನ ಗಂಡ ಹಾಕಿದ ಮರ!

ಮನೆಗೆ ಬಂದವಳೇ ಚಪ್ಪಲಿ ಬಿಡುವುದಕ್ಕೂ ಮೊದಲು ಕೇಳಿದಳು: "ರೀ, ಆ ಹಲಗೆ ತಳಕ್ಕೆ ದಪ್ಪ ಮರ ಹಾಕಿದ್ರಲ್ಲ, ಬೆನ್ನು ಕೊಡೋ ಹಲಗೆನ ಏನು ಮಾಡಿದ್ರಿ? ಅದನ್ನೂ ಅಷ್ಟೇ ಎತ್ತರಿಸಿದ್ರಾ, ಹಾಗೇ ಬಿಟ್ರಾ?"

"ಯಾವ ಹಲಗೆ?"

ಅವಳು ಹೇಳಿದಳು. ಬೇರೆ ದಿನವಾಗಿದ್ದರೆ, ಬಡಗಿ ಕೈ ಪ್ರಶ್ನೆ ಮಾಡ್ತೀಯಾ ಅಂತ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದ. ಅವತ್ತು ಅಂಗಳದ ಮೇಜುಗಳ ಕಡೆ ನೋಡಿದ. "ಎಂಟು ವರ್ಷ ಆಯ್ತಲ್ಲೇ. ನೆನಪಿಲ್ಲ" ಅಂದ. "ಮೇಜನ್ನೇ ಕೆಡಿಸಿದೋನು ಅದನ್ನ ಕೆಡಿಸಿರಲ್ಲ ಅಂತ ಹೇಗೆ ಹೇಳಲಿ" ಅಂದ. ಮಾರನೇ ದಿನದಿಂದ ಅವನು ಉಳಿ ಮುಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು ಅದನ್ನೇ ನೆನಪಿಸಿಕೊಳ್ಳಲು ನೋಡುತ್ತಿದ್ದ, ಆಗುತ್ತಿರಲಿಲ್ಲ.

ಆಚೆ ದೇಶದಾಕೆ ನಾಲ್ಕನೇ ದಿನ ಬಂದಳು. ಗಡಿಯಾಚೆಯೂ ಮಾತು ಇದೇ, ಎಳೆಯುವ ರಾಗ ಮಾತ್ರ ಬೇರೆ. ದೊಡ್ಡ ಅಧಿಕಾರಿ ಇರಬೇಕು, ಕನ್ನಡಕದಲ್ಲೇ ಹೆದರಿಸುತ್ತಾಳೆ ಅಂತ ಕಾದಿದ್ದರೆ, ಕಾರಿನಿಂದ ಇಳಿದಿದ್ದು ಇವಳಷ್ಟೇ ಗಿಡ್ಡದೊಂದು ಜೀವ. ಮಂಡಿಯೂರಿ ಮಂಡಿಯೂರಿ ಸೀರೆ ಮಂಡಿಯ ಹತ್ತಿರ ಸವೆದಿದ್ದನ್ನು ಕಂಡೇ ಅಳತೆಯಕ್ಕನಿಗೆ ಗೊತ್ತಾಯಿತು, ಇವಳೂ ನಮ್ಮವಳೇ. ಸಾಹೇಬರು ಮೊದಲೇ ಪಿಸುಗುಟ್ಟಿದ್ದರು: "ಕೇಳಿದ್ದಕ್ಕಷ್ಟೇ ಉತ್ತರ ಕೊಡಮ್ಮ. ದೇಶದ ಮಾನ." ಹೂಂ ಅಂದಿದ್ದಳು. ಬೀಗ ತೆಗೆದರು, ಮುದ್ರೆ ಒಡೆದರು, ತಾಯಿಹಲಗೆಯನ್ನು ಕಿಟಕಿಯ ಬೆಳಕಿಗೆ ತಂದು ನಿಲ್ಲಿಸಿದರು. ಆಕೆ ಚೀಲದಿಂದ ಉಕ್ಕಿನ ಕೋಲು ತೆಗೆದಳು. ಸರಿಯಾಗಿ ಒಂದು ಮೀಟರ್, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅಳತೆಯಕ್ಕನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಅಳೆಯೋಕೆ ಮುಂಚೆ ಒಂದು ಮಾತು" ಅಂದಳು. "ಈ ತಳ ಮೊದಲಿಂದ ಇದ್ದಿದ್ದಲ್ಲ. ಎಂಟು ವರ್ಷದ ಹಿಂದೆ ನಮ್ಮ ಮನೆಯವರು ಹಾಕಿದ್ದು. ದಪ್ಪ ಜಾಸ್ತಿ ಇದೆ. ತಪ್ಪಿದ್ದರೆ ಅದು ಮಕ್ಕಳದಲ್ಲ, ಕಚೇರಿದೂ ಅಲ್ಲ. ನಂದು."

ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಚೆಯಾಕೆ ಅಳತೆಯಕ್ಕನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಕೋಲನ್ನು ತಳದ ಮೇಲೆ ನೆಟ್ಟಗೆ ನಿಲ್ಲಿಸಿ, ತಲೆಪಟ್ಟಿ ಇಳಿಸಿ, ಮಂಡಿಯೂರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದಳು. ನೂರೊಂದು ಅಂದರೆ ಎಲ್ಲ ಮುಗಿಯಿತು. ನೂರೊಂದು ಅಂದರೆ ಎಂಟು ವರ್ಷ ಅವಳು ಮುಟ್ಟಿದ ಪ್ರತಿಯೊಂದು ನೆತ್ತಿಯೂ ಸುಳ್ಳು.

"ನೂರು" ಅಂದಳು ಆಕೆ. "ನೂರು ಪಾಯಿಂಟ್ ಸೊನ್ನೆ."

ಕೋಲು ತೆಗೆದು ಮತ್ತೆ ಇಟ್ಟಳು. ನೂರು ಪಾಯಿಂಟ್ ಸೊನ್ನೆ. ಮೂರನೇ ಸಲವೂ ಅದೇ. ಆಮೇಲೆ, ಹೇಗೆ ಸಾಧ್ಯ ಅನ್ನುವ ಹಾಗೆ, ಇಬ್ಬರೂ ಸೇರಿ ಹಲಗೆಯನ್ನು ನೆಲಕ್ಕೆ ಮಲಗಿಸಿ ಅಡಿ ನೋಡಿದರು. ಹಿಂದಿನ ಹಲಗೆಯ ಕಾಲಿಗೆ ಅಂಗೈಯಗಲದ ಒಂದು ಚಕ್ಕೆ, ಅರ್ಧ ಇಂಚು ದಪ್ಪ, ಮೂರು ಮೊಳೆ ಹೊಡೆದು ಕೂರಿಸಿದ್ದು. ತಳ ಎಷ್ಟು ಮೇಲೆ ಬಂದಿದೆಯೋ ಹಿಂದಿನದೂ ಅಷ್ಟೇ ಮೇಲೆ ಬರಲಿ ಅಂತ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಮಾಡಿ, ಮರೆತೂ ಬಿಟ್ಟಿದ್ದಾನೆ ಪುಣ್ಯಾತ್ಮ! ಅಳತೆಯಕ್ಕ ಆ ಚಕ್ಕೆಯನ್ನು ಬೆರಳಲ್ಲಿ ಸವರಿದಳು.

ಮಧ್ಯಾಹ್ನ ಹತ್ತು ಮಕ್ಕಳು ಬಂದವು. ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಬೇರೆ ಬೇರೆ ಕೋಣೆಯಲ್ಲಿ, ಬೇರೆ ಬೇರೆ ಹಲಗೆಯಲ್ಲಿ ಅವೇ ಮಕ್ಕಳನ್ನು ಅಳೆದರು. ಹತ್ತು ಜೊತೆ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಎರಡು ಮಿಲಿಮೀಟರ್, ಅದೂ ಒಂದು ತುಂಟ ಹುಡುಗಿ ತುದಿಗಾಲಲ್ಲಿ ನಿಂತಿದ್ದಕ್ಕೆ. ಆಚೆಯಾಕೆ ಕಾಗದಕ್ಕೆ ಸಹಿ ಹಾಕಿದಳು. ಒಂದು ಗೆರೆ ಆಚೀಚೆ ಓದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವಳ ದೇಶವೇ ಮೇಲಿನ ಸಾಲಿನಲ್ಲಿ ಉಳಿಯುತ್ತಿತ್ತು. ಪೆನ್ನು ಮುಚ್ಚಿ, "ನಿಮ್ಮ ಮಕ್ಕಳು ನಿಜವಾಗ್ಲೂ ಬೆಳೆದಿವೆ ಅಕ್ಕಾ" ಅಂದಳು. "ಎಂಟೇ ವರ್ಷದಲ್ಲಿ! ನಮ್ಮಲ್ಲಿ ಇಷ್ಟಕ್ಕೆ ಇಪ್ಪತ್ತು ವರ್ಷ ಹಿಡೀತು. ಏನು ಮಾಡಿದ್ರಿ ಹೇಳಿ, ನಾನು ಬರ್ಕೊಂಡು ಹೋಗ್ಬೇಕು."

ಬಾಣಂತಿಯ ಮನೆಗೆ ವಾರವಾರ ಹೋಗುವ ದಾದಿಯರು, ನಲ್ಲಿಯಲ್ಲಿ ಬರುವ ನೀರು, ಹದಿನೈದಕ್ಕೆ ಮದುವೆಯಾಗದೆ ಓದಲು ಹೋದ ಹುಡುಗಿಯರು, ಒಂದೊಂದಾಗಿ ಎಲ್ಲ ಅಳತೆಯಕ್ಕನ ಕಣ್ಣ ಮುಂದೆ ಬಂತು. ದಿನಾ ಕಂಡಿದ್ದೇ. ಒಟ್ಟಿಗೆ ಯಾವತ್ತೂ ಕಂಡಿರಲಿಲ್ಲ. ಒಂದೊಂದನ್ನೇ ಹೇಳುತ್ತಾ ಹೊರಗಿನ ಅಂಗಳ ನೋಡಿದಳು. ಅಳತೆ ಮುಗಿದ ಹತ್ತು ಮಕ್ಕಳು ಅಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು.

ಹೊರಡುವ ಮುಂಚೆ ಆಚೆಯಾಕೆಗೆ ಒಂದು ಆಸೆ. ಇಷ್ಟು ವರ್ಷದಲ್ಲಿ ತಾವಿಬ್ಬರೂ ಹಲಗೆ ಹತ್ತಿಲ್ಲವಲ್ಲ! ಚಪ್ಪಲಿ ಬಿಟ್ಟು, ತುರುಬು ಬಿಚ್ಚಿ, ಪಕ್ಕದ ಕೋಣೆಯ ದೊಡ್ಡವರ ಹಲಗೆಗೆ ಬೆನ್ನು ಕೊಟ್ಟು ನಿಂತಳು. ನೂರ ನಲವತ್ತೆರಡು ಪಾಯಿಂಟ್ ಒಂದು. ಆಮೇಲೆ ಅಳತೆಯಕ್ಕ ನಿಂತಳು. ನೂರ ನಲವತ್ತೆರಡು ಪಾಯಿಂಟ್ ಮೂರು.

"ಇದರಲ್ಲೂ ನೀವೇ ಮುಂದೆ" ಅಂತ ಆಚೆಯಾಕೆ ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮನೇಲೂ ಒಂದೇ ಹೊತ್ತು ಒಲೆ ಹಚ್ತಿದ್ರಾ?" ಅಂತ ಕೇಳಿದಳು. ಅಳತೆಯಕ್ಕ ಹೂಂ ಅಂತ ತಲೆಯಾಡಿಸಿದಳು.

ಸಂಜೆ ಮನೆಗೆ ಬಂದಾಗ ಗಂಡ ಕಟ್ಟೆಯ ಮೇಲೆ ಹಾಗೇ ಕೂತಿದ್ದ. ತಲೆ ಎತ್ತಿ ಮುಖ ನೋಡಿದ.

"ಕೆಳಗೆ ಚಕ್ಕೆ ಹೊಡೆದಿದ್ದೀರಿ" ಅಂದಳು ಅವಳು. "ಅರ್ಧ ಇಂಚು, ಮೂರು ಮೊಳೆ. ಕೂದಲೆಳೆಯಷ್ಟೂ ತಪ್ಪಿಲ್ಲ."

ಬಡಗಿಯ ಮುಖ ಅರಳಬೇಕಿತ್ತು, ನನ್ನ ಕೈ ಅಂದರೆ ಏನಂದ್ಕೊಂಡೆ ಅಂತ ಬೀಗಬೇಕಿತ್ತು. ಅವನು ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕಿದ. "ಹಾಗಾದ್ರೆ..." ಅಂದ. "ಹಾಗಾದ್ರೆ ಮಕ್ಕಳು ನಿಜವಾಗ್ಲೂ ಬೆಳೆದಿದ್ದಾವೇನೇ?"

"ಹೂಂ ರೀ. ನಿಜವಾಗ್ಲೂ."

ಅವನು ನಿಧಾನಕ್ಕೆ ಎದ್ದು ಅಂಗಳಕ್ಕೆ ಇಳಿದ. ವಾಪಸ್ ಬಂದ ಮೇಜೊಂದನ್ನು ಇಳಿಸಿ, ಮುಂದೆ ಕುಕ್ಕರಗಾಲಲ್ಲಿ ಕೂತು, ಮಂಡಿ ಬಡಿಯುವ ಜಾಗವನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದ. ಒಳಗೆ ಹೋಗಿ ಅಪ್ಪನ ಪಟ್ಟಿ ತಂದ. ಮೇಜಿನ ಹಳೇ ಗೆರೆಯ ಮೇಲೆ ಎರಡು ಬೆರಳು ಜಾಗ ಬಿಟ್ಟು, ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಹೊಸ ಗೆರೆ ಎಳೆದ. ಕೈ ಒಂದಿಷ್ಟೂ ನಡುಗಲಿಲ್ಲ.

"ನಾಳೆ ಹೋಗಿ ದೊಡ್ಡ ಮೇಡಂಗೆ ಹೇಳು" ಅಂದ. "ಹನ್ನೊಂದೂ ಹೊಸದು ಮಾಡಿಕೊಡ್ತೀನಿ, ತಪ್ಪು ನಂದೇ ಅಂತ. ಮಕ್ಕಳು ನಮಗಿಂತ ಎತ್ತರ ಬೆಳೀತಾವೆ ಅಂತ ನಮ್ಮಪ್ಪನೂ ಅಂದ್ಕೊಂಡಿರಲಿಲ್ಲ, ನಾನೂ ಅಂದ್ಕೊಂಡಿರಲಿಲ್ಲ."